ಕ್ಯಾಪ್ ಉಜ್ಜಿದ ಮೇಲೆ ಏನು? ಗಂಗಾವತಿ ಕ್ಲಿನಿಕ್‌ನಲ್ಲಿ ಆಪ್ಟ್ರಾಫೈನ್ ಪಾಲಿಶಿಂಗ್ ಕಿಟ್

ಆಪ್ಟ್ರಾಫೈನ್ ಅಂದರೆ ಉಜ್ಜಿದ ಹಲ್ಲಿನ ಕ್ಯಾಪನ್ನು ಮತ್ತೆ ನುಣುಪು ಮಾಡುವ ರಬ್ಬರ್, ಬ್ರಷ್‌ಗಳ ಕಿಟ್. ಅದನ್ನು ಕೊಳ್ಳಬೇಕಾ, ಬೇಡವಾ ಅಂತ ಮಾತ್ರ ತಿಳಿಯಬೇಕಿದ್ದವರಿಗೆ ಉತ್ತರ ಇಲ್ಲೇ ಇದೆ: ಕೊಳ್ಳಿ. ಇ.ಮ್ಯಾಕ್ಸ್ (ಗಾಜಿನ ಜಾತಿಯ ಸಿರಾಮಿಕ್) ಮತ್ತು ಮೆಟಲ್ ಸಿರಾಮಿಕ್ (ಲೋಹದ ಮೇಲೆ ಪಿಂಗಾಣಿ) ಕ್ಯಾಪ್‌ಗಳಿಗೆ ಇದು ನನ್ನ ಮೊದಲ ಆಯ್ಕೆ. ಇನ್ನೂ ಗಟ್ಟಿ ಸಿರಾಮಿಕ್ ಆದ ಜಿರ್ಕೋನಿಯಾಗೆ ನಾನು ಬೇರೆ ರಬ್ಬರ್ ಇಟ್ಟುಕೊಂಡಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಕಂಪನಿಯವರಾಗಲಿ ಡೀಲರ್ ಆಗಲಿ ನನಗೆ ಏನೂ ಕೊಟ್ಟಿಲ್ಲ. ನನ್ನ ದುಡ್ಡು, ನನ್ನ ಪೇಶಂಟ್‌ಗಳು, ನನ್ನ ಅಭಿಪ್ರಾಯ.

ನಾನು ಗಂಗಾವತಿಯಲ್ಲಿ ಹಲ್ಲಿನ ಡಾಕ್ಟರ್. ಇಲ್ಲಿ ಕ್ಯಾಪ್ ಕೆಲಸಕ್ಕೂ ಸೀಸನ್ ಇದೆ. ಭತ್ತ ಮಾರಿದ ದುಡ್ಡು ಕೈಗೆ ಬಂದ ಮೇಲೆ ಕಾರಟಗಿ, ಕನಕಗಿರಿ, ಶ್ರೀರಾಮನಗರದ ಕಡೆಯಿಂದ ಜನ ಬರುತ್ತಾರೆ. ವರ್ಷವೆಲ್ಲ ಮುಂದೂಡಿದ ಹಲ್ಲನ್ನು ಆಗ ಸರಿ ಮಾಡಿಸಿಕೊಳ್ಳುತ್ತಾರೆ. ಕ್ಯಾಪ್ ಮಾಡುವ ಲ್ಯಾಬ್ ಮಾತ್ರ ನಮ್ಮ ಪಕ್ಕದಲ್ಲಿಲ್ಲ. ಹುಬ್ಬಳ್ಳಿಗೆ ಅಳತೆ ಹೋಗಬೇಕು, ಅಲ್ಲಿಂದ ಕ್ಯಾಪ್ ಪಾರ್ಸಲ್‌ನಲ್ಲಿ ಬರಬೇಕು. ಪಾಲಿಶಿಂಗ್ ಕಿಟ್‌ನ ನಿಜವಾದ ಬೆಲೆ ತಿಳಿಯುವುದು ಈ ದೂರದಿಂದಲೇ. ಬೆಂಗಳೂರಿನಲ್ಲಿ ಲ್ಯಾಬ್‌ನ ಹುಡುಗ ಬೈಕಲ್ಲಿ ಬಂದು ಕ್ಯಾಪ್ ತೆಗೆದುಕೊಂಡು ಹೋಗಿ ಮತ್ತೆ ಗ್ಲೇಜ್ ಮಾಡಿಸಿ ತರುತ್ತಾನೆ. ನಮ್ಮಲ್ಲಿ ಕ್ಯಾಪ್ ವಾಪಸ್ ಹೋಯಿತು ಅಂದರೆ ಪೇಶಂಟ್‌ಗೆ ಇನ್ನೊಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು.

ಕ್ಯಾಪ್ ಯಾಕೆ ಉಜ್ಜಬೇಕಾಗುತ್ತದೆ ಅಂತ ಡಾಕ್ಟರ್ ಅಲ್ಲದವರಿಗೆ ಅನಿಸಬಹುದು. ಲ್ಯಾಬ್‌ನವರು ಮಾಡೆಲ್ ಮೇಲೆ ಮಾಡುತ್ತಾರೆ. ಬಾಯಿ ಮಾಡೆಲ್ ಅಲ್ಲ. ಕ್ಯಾಪ್ ಕೂರಿಸಿ, 40 ಮೈಕ್ರಾನ್‌ನ ನೀಲಿ ಹಾಳೆ ಇಟ್ಟು ಕಚ್ಚಿಸಿದರೆ ಎಲ್ಲೋ ಒಂದು ಕಡೆ ದಟ್ಟ ನೀಲಿ ಮಚ್ಚೆ ಬೀಳುತ್ತದೆ. ಅಲ್ಲಿ ಎತ್ತರವಿದೆ ಅಂತ ಅರ್ಥ. ಅದನ್ನು ನೀರು ಬಿಟ್ಟುಕೊಂಡು ಕೆಂಪು ಪಟ್ಟಿಯ ಸಣ್ಣ ಕಣದ ಡೈಮಂಡ್ ಬರ್‌ನಲ್ಲಿ (ತಿರುಗುವ ಉಜ್ಜುವ ಕಡ್ಡಿಯಲ್ಲಿ) ತೆಗೆಯುತ್ತೇವೆ. ತೆಗೆದ ಜಾಗದಲ್ಲಿ ಗ್ಲೇಜ್ ಹೋಗುತ್ತದೆ. ಗ್ಲೇಜ್ ಅಂದರೆ ಲ್ಯಾಬ್‌ನ ಒಲೆಯಲ್ಲಿ ಸುಟ್ಟು ಬರಿಸಿದ ತೆಳುವಾದ ಗಾಜಿನಂಥ ಪದರ. ಅದರ ಕೆಳಗಿನ ಸಿರಾಮಿಕ್ ಈಗ ಬರ್‌ನ ಗೀರುಗಳ ಸಮೇತ ಹೊರಗೆ ಬಂದಿರುತ್ತದೆ.

ಈ ಒರಟು ಜಾಗವನ್ನು ಹಾಗೇ ಬಿಟ್ಟು ಸಿಮೆಂಟ್ ಹಾಕಿ ಕಳಿಸುವವರು ಇದ್ದಾರೆ. ಪೇಶಂಟ್ ಒಂದು ವಾರದಲ್ಲಿ ಬಂದು ಹೇಳುತ್ತಾರೆ, "ಮೇಡಂ, ಕಚ್ಚೋಕೇನ್ ತ್ರಾಸಿಲ್ರಿ, ಖರೆ ನಾಲಿಗಿಗೆ ಗರಗರ ಹತ್ತತೈತ್ರಿ." ನಾಲಿಗೆ ಸುಮ್ನೆ ದೂರುವುದಿಲ್ಲ. ಒರಟುತನವನ್ನು ಆರ್‌ಎ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅದು 0.5 ಮೈಕ್ರೋಮೀಟರ್‌ನ ಆಸುಪಾಸಿಗೆ ಬಂದರೆ ನಾಲಿಗೆಗೆ ಗೊತ್ತಾಗುತ್ತದೆ. ಕೂದಲಿನ ದಪ್ಪದ ನೂರರಲ್ಲಿ ಒಂದು ಪಾಲಿನಷ್ಟು ಅಂದುಕೊಳ್ಳಿ. ಕೊಳೆ ಅದಕ್ಕಿಂತ ಚುರುಕು. 0.2 ಮೈಕ್ರೋಮೀಟರ್ ದಾಟಿತು ಅಂದರೆ ಬ್ಯಾಕ್ಟೀರಿಯಾ ಕೂರುವುದು ಜಾಸ್ತಿಯಾಗುತ್ತದೆ. ಅದಕ್ಕಿಂತ ನುಣುಪು ಮಾಡಿದರೆ ಕೊಳೆಯ ಲೆಕ್ಕದಲ್ಲಿ ಹೆಚ್ಚಿನ ಲಾಭವಿಲ್ಲ ಅಂತಲೂ ಹೇಳುತ್ತಾರೆ. ಹಾಗಾಗಿ ಪಾಲಿಶಿಂಗ್‌ನ ಗುರಿ ಆ 0.2.

ನಾಲಿಗೆಯದ್ದು, ಕೊಳೆಯದ್ದು ಪೇಶಂಟ್‌ಗೇ ತಿಳಿಯುವ ವಿಷಯ. ನನಗೆ ಜಾಸ್ತಿ ಚಿಂತೆ ಎದುರಿನ ಹಲ್ಲಿನದು. ಒರಟು ಸಿರಾಮಿಕ್ ಎದುರಿನ ಹಲ್ಲಿನ ಹೊರಪದರವಾದ ಎನಾಮೆಲನ್ನು ಅರದ ಹಾಗೆ ತಿನ್ನುತ್ತದೆ. ನಮ್ಮ ಕಡೆ ಖಡಕ್ ರೊಟ್ಟಿ, ಹುರಿಗಡಲೆ ಎಲ್ಲ ಗಟ್ಟಿ ತಿನಿಸೇ, ಅಗಿಯುವುದು ಕಮ್ಮಿಯಿಲ್ಲ. ಇದರ ಮೇಲೆ ಹಲ್ಲು ಕಡಿಯುವ ಚಟ ಇದ್ದರಂತೂ ಕೇಳುವುದೇ ಬೇಡ. ಕ್ಯಾಪ್ ಹಾಗೇ ಇರುತ್ತದೆ, ಎದುರಿನ ಒಳ್ಳೆ ಹಲ್ಲು ಸವೆಯುತ್ತದೆ. ಅದು ನೋಯುವುದಿಲ್ಲ, ಹಾಗಾಗಿ ಪೇಶಂಟ್ ಬರುವುದೂ ಇಲ್ಲ. ಇನ್ನೊಂದು ತೊಂದರೆ ಸಿರಾಮಿಕ್‌ಗೇ ಆಗುವುದು. ಅದು ಗಟ್ಟಿ, ಆದರೆ ಬಾಗುವ ಗುಣ ಇಲ್ಲ. ಬರ್ ಬಿಟ್ಟ ಪ್ರತಿ ಗೀರೂ ಬಿರುಕು ಶುರುವಾಗಲು ಒಂದು ಜಾಗ.

ಈಗ ಕಿಟ್‌ಗೆ ಬರೋಣ. ಇದನ್ನು ಮಾಡುವ ಐವೊಕ್ಲಾರ್ ಲೀಖ್ಟೆನ್‌ಸ್ಟೈನ್ ಅನ್ನುವ ಚಿಕ್ಕ ದೇಶದ ಕಂಪನಿ. ಇ.ಮ್ಯಾಕ್ಸ್ ಸಿರಾಮಿಕ್ ಮಾಡುವವರೂ ಅವರೇ. ಆಪ್ಟ್ರಾಫೈನ್‌ನಲ್ಲಿ ಮೂರು ಹಂತ. ಮೊದಲು ತಿಳಿ ನೀಲಿ ರಬ್ಬರ್, ಅದು ಫಿನಿಶರ್. ಆಮೇಲೆ ಕಡು ನೀಲಿ ರಬ್ಬರ್, ಅದು ಪಾಲಿಶರ್. ಕೊನೆಗೆ ನೈಲಾನ್ ಬ್ರಷ್ ಮತ್ತು ಡೈಮಂಡ್ ಪೇಸ್ಟ್. ರಬ್ಬರ್ ಅಂತ ನಾವು ಕರೆದರೂ ಅದರೊಳಗೆ ವಜ್ರದ ಪುಡಿ ಕೂಡಿಸಿರುತ್ತಾರೆ. ಕೆಲಸ ಮಾಡುವುದು ಆ ಪುಡಿ.

ನಾಲ್ಕು ಪಾಲು ಕೆಲಸದಲ್ಲಿ ಮೂರು ಪಾಲು ತಿಳಿ ನೀಲಿಯದ್ದೇ. ಇದನ್ನು ಹೊಸಬರಿಗೆ ಒಪ್ಪಿಸುವುದು ಕಷ್ಟ. ಯಾಕೆಂದರೆ ತಿಳಿ ನೀಲಿ ಹೊಳಪು ಕೊಡುವುದಿಲ್ಲ. ಅದನ್ನು ಆಡಿಸಿದ ಮೇಲೆ ಕ್ಯಾಪ್ ಮಂಕಾಗಿ, ರೇಷ್ಮೆ ಬಟ್ಟೆಯ ಒಳಮೈಯಂತೆ ಕಾಣುತ್ತದೆ. ಇದೇನು ಇನ್ನೂ ಕೆಟ್ಟಿತಲ್ಲ ಅಂತ ಬೇಗ ಕಡು ನೀಲಿಗೆ ಹಾರುತ್ತಾರೆ. ಕಡು ನೀಲಿಯ ಕಣ ಸಣ್ಣದು. ಬರ್‌ನ ದೊಡ್ಡ ಗೀರನ್ನು ತೆಗೆಯುವ ಶಕ್ತಿ ಅದಕ್ಕಿಲ್ಲ. ಗೀರಿನ ಎರಡೂ ದಂಡೆಗಳನ್ನು ಮಿರುಗಿಸುತ್ತದೆ, ಗೀರು ಒಳಗೆ ಹಾಗೇ ಉಳಿಯುತ್ತದೆ. ಕುಷ್ಟಗಿ, ಇಳಕಲ್ ಕಡೆಯ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಲ್ಲೂ ದಪ್ಪ ಕಣದ ಕಲ್ಲಿನಿಂದ ಸಣ್ಣ ಕಣಕ್ಕೆ, ನೀರು ಹಾಕುತ್ತಾ, ಒಂದು ನಂಬರನ್ನೂ ಬಿಡದೆ ಹೋಗುತ್ತಾರೆ. ನಡುವಿನದು ಒಂದು ಬಿಟ್ಟರೆ ಕೊನೆಯಲ್ಲಿ ಎಷ್ಟು ತಿಕ್ಕಿದರೂ ಗೀರು ಕಾಣಿಸುತ್ತದೆ. ಅಲ್ಲಿ ಮೇಸ್ತ್ರಿ ಬೈಯುತ್ತಾನೆ. ಬಾಯಿಯೊಳಗೆ ಯಾರು ನೋಡುತ್ತಾರೆ?

ನಾನು ಮಾಡುವ ರೀತಿ ಹೀಗೆ. ಕೆಂಪು ಪಟ್ಟಿಯ ಬರ್ ಆದ ಮೇಲೆ ಹಳದಿ ಪಟ್ಟಿಯ ಇನ್ನೂ ಸಣ್ಣ ಕಣದ ಬರ್ ಒಂದು ಸುತ್ತು. ಇದರಿಂದ ತಿಳಿ ನೀಲಿ ರಬ್ಬರ್ ಬೇಗ ಸವೆಯುವುದಿಲ್ಲ. ಆಮೇಲೆ ತಿಳಿ ನೀಲಿ, ಏರ್ ಮೋಟರ್‌ನ ಕಾಂಟ್ರಾ ಆಂಗಲ್‌ನಲ್ಲಿ (ತಲೆ ಬಾಗಿದ ಹ್ಯಾಂಡ್‌ಪೀಸ್‌ನಲ್ಲಿ), ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸು. ನಮ್ಮ ಏರ್ ಮೋಟರ್ ಪೂರ್ತಿ ಒತ್ತಿದರೆ ಇಪ್ಪತ್ತು ಸಾವಿರದ ಹತ್ತಿರ ಹೋಗುತ್ತದೆ, ಹಾಗಾಗಿ ಪೆಡಲ್ ಅರ್ಧ ಮಾತ್ರ. ನೀರು ಬಿಟ್ಟಿರಬೇಕು. ಕೈ ಹಗುರ ಇರಬೇಕು. ಒಂದೇ ಕಡೆ ಊರದೆ, ಗುಡಿಸಿದ ಹಾಗೆ ಆಡಿಸುತ್ತಿರಬೇಕು. ಒಂದು ದಿಕ್ಕಿನಲ್ಲಿ ಆದ ಮೇಲೆ ಅಡ್ಡ ದಿಕ್ಕಿನಲ್ಲಿ. ಒತ್ತಿದರೆ ಬೇಗ ಆಗುತ್ತದೆ ಅನ್ನುವುದು ಸುಳ್ಳು. ಒತ್ತಿದರೆ ಬಿಸಿಯಾಗುತ್ತದೆ, ರಬ್ಬರ್ ಸುಟ್ಟು ಅದರ ಕಲೆ ಸಿರಾಮಿಕ್‌ಗೆ ಅಂಟುತ್ತದೆ. ಕ್ಯಾಪ್ ಆಗಲೇ ಸಿಮೆಂಟ್ ಆಗಿದ್ದು ಒಳಗಿನ ಹಲ್ಲು ಜೀವಂತ ಇದ್ದರೆ ಆ ಬಿಸಿ ನರದವರೆಗೂ ಹೋಗುತ್ತದೆ.

ನೀರಿನ ಬಗ್ಗೆ ಒಂದು ಮಾತು. ಗಂಗಾವತಿಯಲ್ಲಿ ಬೋರ್‌ವೆಲ್ ನೀರನ್ನು ಚೇರ್‌ನ ಬಾಟಲಿಗೆ ಹಾಕಿದರೆ ಸ್ಪ್ರೇ ತೂತು ಉಪ್ಪು ಕಟ್ಟಿಕೊಂಡು ಮುಚ್ಚುತ್ತದೆ. ಆಗ ನೀರು ಬರುತ್ತಿದೆ ಅಂತ ನೀವು ಅಂದುಕೊಂಡಿರುತ್ತೀರಿ, ರಬ್ಬರ್ ಒಣಗಿ ತಿರುಗುತ್ತಿರುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ. ಕಿಟ್‌ಗೆ ಅಷ್ಟು ದುಡ್ಡು ಕೊಟ್ಟು ನೀರಿಗೆ ಉಳಿಸುವುದರಲ್ಲಿ ಅರ್ಥವಿಲ್ಲ.

ತಿಳಿ ನೀಲಿ ಮುಗಿಯಿತಾ ಇಲ್ಲವಾ ಅಂತ ನೋಡುವುದು ಹೇಗೆ? ಒಣಗಿಸಿ ನೋಡಿ. ಒದ್ದೆ ಇದ್ದಾಗ ಎಲ್ಲ ಕ್ಯಾಪೂ ಹೊಳೆಯುತ್ತದೆ. ಗೀರಿನೊಳಗೆ ನೀರು ತುಂಬಿಕೊಂಡು ಕಣ್ಣಿಗೆ ಮೋಸ ಮಾಡುತ್ತದೆ. ಏರ್ ಹೊಡೆದು, ಲೈಟನ್ನು ಓರೆ ಮಾಡಿ, ಲೂಪ್ಸ್ (ದೊಡ್ಡದಾಗಿ ತೋರಿಸುವ ಕನ್ನಡಕ) ಹಾಕಿಕೊಂಡು ನೋಡಿದರೆ ಗೆರೆ ಗೆರೆ ಕಾಣುತ್ತದೆ. ಕಂಡರೆ ಮತ್ತೆ ತಿಳಿ ನೀಲಿ. ಮೈಯೆಲ್ಲ ಒಂದೇ ಸಮ ಮಂಕಾಗಿದ್ದರೆ ಮಾತ್ರ ಕಡು ನೀಲಿ. ಇಲ್ಲಿಂದ ಕೆಲಸ ಬೇಗ ಸಾಗುತ್ತದೆ, ಹೊಳಪು ಕಣ್ಣೆದುರೇ ಬರುತ್ತದೆ. ಕೊನೆಗೆ ನೀರು ಬಂದ್ ಮಾಡಿ, ಬ್ರಷ್ ತುದಿಗೆ ಸ್ವಲ್ಪ ಪೇಸ್ಟ್ ಹಾಕಿ, ನಿಧಾನ ತಿರುಗಿಸಿದರೆ ಅಗಿಯುವ ಮೈಯ ಗುಳಿ, ಸಂದುಗಳೂ ಮಿರುಗುತ್ತವೆ. ರಬ್ಬರ್‌ನ ತುದಿ ಆ ಸಂದಿಗೆ ಹೋಗುವುದಿಲ್ಲ, ಬ್ರಷ್ ಹೋಗುತ್ತದೆ. ಪೇಸ್ಟ್ ಸಿಡಿಯುತ್ತದೆ, ಪೇಶಂಟ್‌ಗೆ ಕನ್ನಡಕ ಹಾಕಿಸಿ. ಬಿಳಿ ಪಂಚೆ ಉಟ್ಟು ಬಂದ ಹಿರಿಯರಿಗೆ ಏಪ್ರನ್ ದೊಡ್ಡದೇ ಕಟ್ಟಿ.

ಸಾಧ್ಯವಿದ್ದಷ್ಟು ಪಾಲಿಶ್ ಕೆಲಸವನ್ನು ಕ್ಯಾಪ್ ಸಿಮೆಂಟ್ ಮಾಡುವ ಮೊದಲೇ, ಬಾಯಿಂದ ಹೊರಗೆ ಮಾಡಿ. ಕೈಯಲ್ಲಿ ಹಿಡಿದಾಗ ಎಲ್ಲ ಮೂಲೆಯೂ ಸಿಗುತ್ತದೆ. ಇ.ಮ್ಯಾಕ್ಸ್ ಮಾತ್ರ ಇದಕ್ಕೆ ಸ್ವಲ್ಪ ಅಡ್ಡಿ. ತೆಳು ಕ್ಯಾಪ್ ಅಂಟಿಸುವ ಮೊದಲು ಜೋರಾಗಿ ಕಚ್ಚಿಸಿ ನೋಡುವುದು ಅಪಾಯ, ಒಡೆಯಬಹುದು. ಹಾಗಾಗಿ ಅದರ ಕೊನೆಯ ಹೊಂದಾಣಿಕೆ ಅಂಟಿಸಿದ ಮೇಲೆಯೇ ಆಗುತ್ತದೆ. ಅಂಟಿಸಿದ ಕ್ಯಾಪನ್ನು ಒಲೆಗೆ ಕಳಿಸಲು ಆಗುವುದಿಲ್ಲ ಅಲ್ವಾ? ಇಲ್ಲಿ ಇಂಥ ಕಿಟ್ ಇಲ್ಲದಿದ್ದರೆ ಬೇರೆ ದಾರಿಯೇ ಇಲ್ಲ. ಉಜ್ಜುವ ಮೊದಲು ದಪ್ಪ ಅಳೆಯುವುದನ್ನೂ ಬಿಡಬೇಡಿ. ತೀರಾ ತೆಳುವಾದ ಮೇಲೆ ಎಷ್ಟು ಚೆನ್ನಾಗಿ ಪಾಲಿಶ್ ಮಾಡಿದರೂ ಕ್ಯಾಪ್ ಉಳಿಯುವುದಿಲ್ಲ.

ಇ.ಮ್ಯಾಕ್ಸ್ ಮೇಲೆ ಫಲಿತಾಂಶ ನಿಜಕ್ಕೂ ಚೆನ್ನಾಗಿದೆ. ಉಜ್ಜಿದ ಜಾಗ ಎಲ್ಲಿತ್ತು ಅಂತ ನನ್ನ ಅಸಿಸ್ಟೆಂಟ್‌ಗೆ ಕೇಳಿದರೆ ಅವಳಿಗೆ ಹುಡುಕಲು ಆಗುವುದಿಲ್ಲ. ಮೆಟಲ್ ಸಿರಾಮಿಕ್ ಮೇಲೂ ಅಷ್ಟೇ. ಆದರೆ ಅಲ್ಲಿ ಪಿಂಗಾಣಿ ಪದರದ ಕೆಳಗಿನ ಬಿಳಿ ಓಪೇಕ್ ಕಾಣಿಸಿತು ಅಂದರೆ ಪಾಲಿಶ್ ನಿಲ್ಲಿಸಿ, ಕ್ಯಾಪ್ ವಾಪಸ್ ಕಳಿಸಿ. ಓಪೇಕ್ ಎಷ್ಟು ತಿಕ್ಕಿದರೂ ಸುಣ್ಣದ ಗೋಡೆಯೇ.

ಜಿರ್ಕೋನಿಯಾ ಬೇರೆ ಜಾತಿ. ವಿಕರ್ಸ್ ಗಟ್ಟಿತನದ ಲೆಕ್ಕದಲ್ಲಿ ಎನಾಮೆಲ್ 300ರ ಮೇಲೆ ಕೆಳಗೆ, ಇ.ಮ್ಯಾಕ್ಸ್ 600ರ ಹತ್ತಿರ, ಜಿರ್ಕೋನಿಯಾ 1200ರ ಮೇಲೆ. ಅದನ್ನು ತಿಕ್ಕಲು ಅದಕ್ಕಂತಲೇ ಮಾಡಿದ, ವಜ್ರದ ಪುಡಿ ಜಾಸ್ತಿ ತುಂಬಿದ ಗಟ್ಟಿ ರಬ್ಬರ್ ಬೇಕು. ನಾನು ಅದರ ಎರಡು ಹಂತದ ಸೆಟ್ ಬೇರೆಯಾಗಿ ಇಟ್ಟುಕೊಂಡಿದ್ದೇನೆ. ಕೆಲವರು ಪ್ಯೂಮಿಸ್ ಪುಡಿ ಹಾಕಿ ಬ್ರಷ್ ತಿರುಗಿಸುತ್ತಾರೆ. ಪ್ಯೂಮಿಸ್ ಜಿರ್ಕೋನಿಯಾಗಿಂತ ಎಷ್ಟೋ ಮೆತ್ತಗಿನ ಕಲ್ಲು. ಕ್ಯಾಪ್ ತೊಳೆದಂತಾಗುತ್ತದೆ, ಅಷ್ಟೇ.

ಜಿರ್ಕೋನಿಯಾ ಅಂದಾಗ ಒಂದು ತಪ್ಪು ನಂಬಿಕೆ ಇದೆ. ಇಷ್ಟು ಗಟ್ಟಿ ಇದ್ದ ಮೇಲೆ ಎದುರಿನ ಹಲ್ಲನ್ನು ತಿಂದೇ ತಿನ್ನುತ್ತದೆ ಅಂತ ಪೇಶಂಟ್‌ಗಳೂ ಹೇಳುತ್ತಾರೆ, ಡಾಕ್ಟರ್‌ಗಳೂ ಹೇಳುತ್ತಾರೆ. ಲ್ಯಾಬ್ ಪರೀಕ್ಷೆಗಳು ಬೇರೆ ಹೇಳುತ್ತವೆ. ಚೆನ್ನಾಗಿ ಪಾಲಿಶ್ ಆದ ಜಿರ್ಕೋನಿಯಾ ಎದುರಿನ ಎನಾಮೆಲನ್ನು ಹಳೆಯ ಪಿಂಗಾಣಿಗಿಂತ ಕಡಿಮೆ ಸವೆಸುತ್ತದೆ. ಗ್ಲೇಜ್ ಹಾಕಿದ ಜಿರ್ಕೋನಿಯಾಗಿಂತಲೂ ಕಡಿಮೆ. ಗ್ಲೇಜ್ ಪದರ ಅಗಿದು ಅಗಿದು ಸವೆದುಹೋಗುತ್ತದೆ, ಕೆಳಗೆ ಪಾಲಿಶ್ ಆಗದ ಒರಟು ಮೈ ಇದ್ದರೆ ಅದು ಹೊರಗೆ ಬರುತ್ತದೆ. ನಮ್ಮ ಭಾಗದ ಒಬ್ಬ ಹಿರಿಯ ಡಾಕ್ಟರ್ ಇಂದಿಗೂ "ಗ್ಲೇಜೇ ಗ್ಲೇಜು, ನಿಮ್ಮ ರಬ್ಬರ್ ಆಟ ಎಲ್ಲ ಸುಮ್ನೆ" ಅನ್ನುತ್ತಾರೆ. ಮುಂದಿನ ಹಲ್ಲಿನ ಅಂದದ ವಿಷಯದಲ್ಲಿ ಅವರ ಮಾತು ಒಪ್ಪುತ್ತೇನೆ. ದವಡೆ ಹಲ್ಲಿನ ಜಿರ್ಕೋನಿಯಾದಲ್ಲಿ ಒಪ್ಪುವುದಿಲ್ಲ. ಈಗ ಲ್ಯಾಬ್‌ಗೂ ಬರೆದು ಕಳಿಸುತ್ತೇನೆ: ಅಗಿಯುವ ಮೈಯನ್ನು ಮೊದಲು ಪಾಲಿಶ್ ಮಾಡಿ, ಗ್ಲೇಜ್ ಆಮೇಲೆ ನಿಮ್ಮಿಷ್ಟ.

ಮುಂದಿನ ಹಲ್ಲಿನ ವಿಷಯ ಬಂತಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇದೆ. ಚಿಕ್ಕಂದಿನಿಂದ ಅದಕ್ಕಿಂತ ಜಾಸ್ತಿ ಕುಡಿದವರ ಹಲ್ಲು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮದುವೆ ಗೊತ್ತಾಯಿತು ಅಂದರೆ ಹುಡುಗ ಹುಡುಗಿಯರು ವೆನಿಯರ್ (ಹಲ್ಲಿನ ಎದುರು ಮೈಗೆ ಅಂಟಿಸುವ ತೆಳು ಸಿರಾಮಿಕ್ ಪದರ) ಕೇಳಿಕೊಂಡು ಬರುತ್ತಾರೆ. ಈ ವೆನಿಯರ್‌ಗಳಲ್ಲಿ ಬಣ್ಣದ ಛಾಯೆ ಎಷ್ಟೋ ಸಲ ಮೇಲಿನ ಪದರದಲ್ಲೇ ಇರುತ್ತದೆ. ಎದುರು ಮೈಗೆ ತಿಳಿ ನೀಲಿ ಆಡಿಸಿದರೆ ಬಣ್ಣವೂ ಹೋಗುತ್ತದೆ, ಒಂದು ಹಲ್ಲು ಮಾತ್ರ ಬಿಳಿಚಿಕೊಳ್ಳುತ್ತದೆ. ಅಲ್ಲಿ ಅಂಚು ಮತ್ತು ಹಿಂಬದಿ ಮಾತ್ರ ಪಾಲಿಶ್ ಮಾಡಿ, ಎದುರು ಮೈ ಮುಟ್ಟಬೇಡಿ. ಇದು ಕಿಟ್‌ನ ದೋಷವಲ್ಲ, ಯಾವ ಕಿಟ್‌ಗೂ ಇದೇ ಮಾತು.

ಹಾಗೆಯೇ ಕ್ಲಿನಿಕ್‌ನಲ್ಲಿ ಹುಳುಕು ತಡೆಯಲು ಹಚ್ಚುವ ಹುಳಿ ಫ್ಲೋರೈಡ್ ಜೆಲ್, ಎಪಿಎಫ್ ಅಂತೀವಲ್ಲ, ಅದು ಸಿರಾಮಿಕ್‌ನ ಮೈಯನ್ನು ಕೊರೆಯುತ್ತದೆ. ಕಷ್ಟಪಟ್ಟು ತಂದ ನುಣುಪು ಅದರಿಂದಲೇ ಹೋಗಬಹುದು. ಕ್ಯಾಪ್, ವೆನಿಯರ್ ಇದ್ದವರಿಗೆ ಹುಳಿಯಿಲ್ಲದ ಸೋಡಿಯಂ ಫ್ಲೋರೈಡ್ ಜೆಲ್ ಹಚ್ಚಿ.

ಅಗ್ಗದ ಕಿಟ್‌ಗಳನ್ನೂ ತರಿಸಿ ನೋಡಿದ್ದೇನೆ. ಹೆಸರು ಬೇಡ. ಆನ್‌ಲೈನ್‌ನಲ್ಲಿ ಬಣ್ಣ ಬಣ್ಣದ ರಬ್ಬರ್‌ಗಳು ಒಂದು ಡಬ್ಬಿಯಲ್ಲಿ ತುಂಬಿಕೊಂಡು ಬರುತ್ತವೆ, ಎಲ್ಲ ಸಿರಾಮಿಕ್‌ಗೂ ಆಗುತ್ತದೆ ಅಂತ ಬರೆದಿರುತ್ತದೆ. ಒಂದರಲ್ಲಿ ರಬ್ಬರ್ ಅದರ ಲೋಹದ ಕಡ್ಡಿಯ ನಡುವಿಗೆ ಸರಿಯಾಗಿ ಕೂತಿರಲಿಲ್ಲ, ತಿರುಗಿಸಿದರೆ ಹ್ಯಾಂಡ್‌ಪೀಸ್ ಕೈಯಲ್ಲಿ ನಡುಗುತ್ತಿತ್ತು. ನಡುಗುವ ರಬ್ಬರ್ ಕ್ಯಾಪ್ ಮೇಲೆ ಕುಣಿಯುತ್ತದೆ, ಗುಳಿ ಬೀಳಿಸುತ್ತದೆ. ಇನ್ನೊಂದು ಆಟೋಕ್ಲೇವ್‌ನಿಂದ (ಬಿಸಿ ಉಗಿಯಲ್ಲಿ ಸ್ಟೆರಿಲೈಜ್ ಮಾಡುವ ಯಂತ್ರ) ಹೊರಗೆ ಬರುವಷ್ಟರಲ್ಲಿ ಕಡ್ಡಿಯಿಂದ ಬಿಟ್ಟುಕೊಂಡಿತ್ತು. ಬಾಯಿಯೊಳಗೆ ಬಳಸುವ ವಸ್ತುವನ್ನು 134 ಡಿಗ್ರಿಯಲ್ಲಿ ಸ್ಟೆರಿಲೈಜ್ ಮಾಡಲು ಆಗದಿದ್ದರೆ ಅದು ನನಗೆ ಬೇಡ. ಆಪ್ಟ್ರಾಫೈನ್ ರಬ್ಬರ್‌ಗಳು ನನ್ನ ಆಟೋಕ್ಲೇವ್‌ನಲ್ಲಿ ಸರಿಯಾಗಿ ತಡೆದಿವೆ, ತಿರುಗುವಾಗ ನಡುಕವೂ ಇಲ್ಲ.

ಬೆಲೆ ಜಾಸ್ತಿಯೇ. ಡೀಲರ್‌ನಿಂದ ಡೀಲರ್‌ಗೆ ಬದಲಾಗುವುದರಿಂದ ಇಷ್ಟು ಅಂತ ಬರೆಯುವುದಿಲ್ಲ. ತಿಂಗಳಿಗೆ ಒಂದೋ ಎರಡೋ ಇ.ಮ್ಯಾಕ್ಸ್ ಮಾಡುವವರಿಗೆ ಪೂರ್ತಿ ಕಿಟ್ ಭಾರ ಅನಿಸಬಹುದು. ಅಂಥವರು ತಿಳಿ ನೀಲಿ ಮತ್ತು ಕಡು ನೀಲಿಯ ಫ್ಲೇಮ್ ಆಕಾರ (ದೀಪದ ಜ್ವಾಲೆಯಂಥ ಚೂಪು ತುದಿಯದು) ಬಿಡಿಯಾಗಿ ಸಿಗುತ್ತದಾ ಅಂತ ಡೀಲರನ್ನು ಕೇಳಿ ನೋಡಿ. ಫ್ಲೇಮ್ ಒಂದಿದ್ದರೆ ದವಡೆ ಹಲ್ಲಿನ ಮುಕ್ಕಾಲು ಕೆಲಸ ಆಗುತ್ತದೆ. ಪೇಸ್ಟ್ ಬಹಳ ಕಾಲ ಬರುತ್ತದೆ, ಒಂದು ಸಲಕ್ಕೆ ಕಾಳಿನಷ್ಟು ಸಾಕು. ಮೊದಲು ಖಾಲಿಯಾಗುವುದು ತಿಳಿ ನೀಲಿ, ಹಾಗಾಗಿ ಅದನ್ನು ಒಂದು ಜಾಸ್ತಿ ತರಿಸಿಡಿ. ತುದಿ ಮೊಂಡಾದ ರಬ್ಬರನ್ನು ಬಿಸಾಡಬೇಡಿ. ಬಾಯಿಂದ ಹೊರಗೆ, ಚಪ್ಪಟೆ ಮೈ ತಿಕ್ಕಲು ಅದು ಇನ್ನೂ ಆಗುತ್ತದೆ. ಕಡ್ಡಿಯ ಲೋಹ ಕಾಣಿಸಿತು ಅಂದರೆ ಮಾತ್ರ ಆ ಕ್ಷಣ ತೆಗೆದುಹಾಕಿ, ಲೋಹ ತಾಗಿದರೆ ಕ್ಯಾಪ್ ಮೇಲೆ ಬೂದು ಗೆರೆ ಬೀಳುತ್ತದೆ.

ಆರ್ಡರ್ ಮಾಡುವಾಗ ಕಡ್ಡಿಯ ಅಳತೆ ಬಾಯಿಬಿಟ್ಟು ಹೇಳಿ. ಕಾಂಟ್ರಾ ಆಂಗಲ್‌ನದ್ದೂ, ಲ್ಯಾಬ್ ಮೈಕ್ರೋಮೋಟರ್‌ನ ನೇರ ಹ್ಯಾಂಡ್‌ಪೀಸ್‌ನದ್ದೂ ಎರಡೂ 2.35 ಮಿಲಿಮೀಟರ್ ದಪ್ಪವೇ. ಆದರೆ ನೇರದ್ದು ಉದ್ದ ಜಾಸ್ತಿ, ಅದಕ್ಕೆ ಹಿಂದೆ ಸಿಕ್ಕಿಸುವ ಕಚ್ಚು ಇರುವುದಿಲ್ಲ. ಫೋನಿನಲ್ಲಿ "ಪಾಲಿಶಿಂಗ್ ಕಿಟ್ ಕಳಿಸಿ" ಅಂತಷ್ಟೇ ಹೇಳಿದರೆ ಅಂಗಡಿಯವರು ಕೈಗೆ ಸಿಕ್ಕಿದ್ದು ಪಾರ್ಸಲ್ ಮಾಡುತ್ತಾರೆ. ಡಬ್ಬಿಯ ಫೋಟೊ ವಾಟ್ಸಾಪ್‌ಗೆ ಹಾಕಿಸಿಕೊಂಡು, ಕಡ್ಡಿಯ ಹಿಂಭಾಗ ನೋಡಿ, ಆಮೇಲೆ ದುಡ್ಡು ಕಳಿಸಿ.